ಬಚ್ಚಲ ಕೊಳವೆ ಇಳಿಸಿದವನು

ಡಂಗುರ ಹೀಗಿತ್ತು: ಅರಮನೆಯ ಬಚ್ಚಲಿನ ಹಳೆಯ ಬೀಡುಕಬ್ಬಿಣದ ಕೊಳವೆ ತುಕ್ಕು ಹಿಡಿದು ಸೋರುತ್ತಿದೆ. ಅರೆಬರೆ ಬಲ್ಲವನೊಬ್ಬ ಕೈಹಾಕಿ ಅಡುಗೆಮನೆಯ ಚಾವಣಿಯನ್ನೇ ಕೆಡವಿದ್ದಾನೆ. ಇನ್ನು ಮುಂದೆ ಕೊಳವೆ ಮುಟ್ಟುವವನು ಮೊದಲು ರಾಜಕುಮಾರಿ ನೀಲಾಂಬೆಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಅವಳೊಡನೆ ಮದುವೆ, ತಪ್ಪಿದವನಿಗೆ ಶೂಲ.

ಕೊಳವೆ ಕೆಲಸದ ಈರಬಸವ ಉಳಿ, ಸುತ್ತಿಗೆ ಹೆಗಲಿಗೇರಿಸಿ ಬಂದಾಗ, ಒಗಟಿನಲ್ಲಿ ತಪ್ಪಿದ ಮೂವರು ಆಗಲೇ ಕಂಬಕ್ಕೆ ಕಟ್ಟಿಸಿಕೊಂಡಿದ್ದರು. ಸೂರ್ಯ ಮುಳುಗಿದರೆ ಅವರ ಕತೆ ಮುಗಿಯಿತು.

“ಬೆಂಕಿಯಲ್ಲಿ ಹುಟ್ಟಿದ್ದು, ಆನೆಭಾರ ಹೊರುವುದು, ಬಗ್ಗು ಎಂದರೆ ಬಗ್ಗದೆ ಒಡೆಯುವುದು. ಯಾವುದಯ್ಯ?” ಎಂದಳು ನೀಲಾಂಬೆ.

ಸಾಮಂತನ ಮಗ ಇದಕ್ಕೆ ‘ನನ್ನ ಅಭಿಮಾನ’ ಎಂದು ಕಂಬ ಸೇರಿದ್ದ.

“ಬೀಡುಕಬ್ಬಿಣ, ಅಮ್ಮಣ್ಣಿ. ದಿನಾ ನನ್ನ ಕೈ ಸುಲಿಯುತ್ತದೆ.”

“ಅರಮನೆಯ ಎಲ್ಲರ ಊಟ ಬಲ್ಲುದು, ಒಬ್ಬರ ಮುಖವನ್ನೂ ಕಾಣದು?”

ವ್ಯಾಪಾರಿಯೊಬ್ಬ ‘ಅಡುಗೆಯವನು’ ಎಂದು ಹೇಳಿ ಕೆಟ್ಟಿದ್ದ. ಈರಬಸವ ನಾಚಿಕೊಂಡೇ ಹೇಳಿದ: “ಬಚ್ಚಲ ಕೊಳವೆ.”

ಸಭೆ ಮೂಗು ಮುಚ್ಚಿಕೊಂಡು ನಕ್ಕಿತು.

“ಕಡಿಯುವುದು ಕೆಳಗೆ. ಬಲ್ಲವನ ಮೊದಲ ಕೆಲಸ ಎಲ್ಲಿ?”

ದಂಡನಾಯಕ ‘ಕೊಡಲಿಯ ಬಾಯಲ್ಲಿ’ ಎಂದಿದ್ದ. ಈರಬಸವ ಕಣ್ಣೆತ್ತಿ ಗೋಡೆಯುದ್ದಕ್ಕೂ ನೋಡಿದ. “ಮೇಲೆ, ತಾಯಿ. ಮೇಲಿನ ಕೊಳವೆಗೆ ಮೊದಲು ಆಸರೆ. ಹಗ್ಗ ಬಿಗಿದು ಹಿಡಿಯದೆ ಕೆಳಗೆ ಕಡಿದರೆ ಸಾಲಿಗೆ ಸಾಲೇ ಕುಸಿಯುತ್ತದೆ. ಆಮೇಲೆ ಸುತ್ತ ಉಳಿಯಿಂದ ಗೆರೆ ಕೊರೆದು ಮೆಲ್ಲಗೆ ತಟ್ಟಬೇಕು. ಆ ಗೆರೆಯಲ್ಲೇ ಬಿಡುತ್ತದೆ. ಬಲ ತೋರಿಸಿದರೆ ಚೂರುಚೂರು.”

“ಮೂರೂ ಸರಿ,” ಎಂದಳು ನೀಲಾಂಬೆ. ದೊರೆ ಮದುವೆ ಯಾವತ್ತು ಎಂದು ಕೇಳಿದ. ಕೆಲಸ ಅರ್ಧಕ್ಕೆ ಬಿಟ್ಟು ಮಂಟಪ ಏರುವವನನ್ನು ತಾನು ಒಲ್ಲೆ ಎಂದಳು ಮಗಳು.

ಆ ಮಾತಿಗೇ ಈರಬಸವ ಮನಸೋತ. ಆದರೆ ಹಗ್ಗ ಹಿಡಿಯಲು ಮೂರು ಜನ ಬೇಕಾಗಿತ್ತು. ಅವನು ಕಂಬದ ಕಡೆ ಕೈತೋರಿಸಿದ.

“ಅವರು ಸತ್ತವರ ಪಟ್ಟಿಗೆ ಸೇರಿದವರು,” ಎಂದ ಮಂತ್ರಿ.

“ಸತ್ತವರು ಹಗ್ಗ ಹಿಡಿಯುವುದಿಲ್ಲ, ಬುದ್ಧಿ. ನನಗೆ ಬೇರೆ ಉಡುಗೊರೆ ಬೇಡ, ಇವರನ್ನು ಕೊಡಿ.”

ದೊರೆ ಒಪ್ಪಿದ. ಕಟ್ಟು ಬಿಚ್ಚಿದರು. ದಂಡನಾಯಕ ಅಂಗೈ ಸುಲಿದರೂ ಹಗ್ಗ ಬಿಡಲಿಲ್ಲ. ವ್ಯಾಪಾರಿ ದೇವರ ಹೆಸರು ಹೇಳುತ್ತಲೇ ಹಿಡಿದ. ಸಾಮಂತನ ಮಗ ಮೊದಲ ಬಾರಿ ಬೆನ್ನು ಬಗ್ಗಿಸಿದ. ತುಂಡು ತುಂಡಾಗಿ ಕೊಳವೆ ಇಳಿಯಿತು, ಒಂದು ಹೆಂಚೂ ಒಡೆಯದೆ.

ಮದುವೆಯ ದಿನ ಆ ಮೂವರೂ ಬೀಗರ ಪಂಕ್ತಿಯಲ್ಲಿ ಕೂತು ಉಂಡು, ಹೊಸ ಕೊಳವೆ ಕೂರಿಸಿದ ಬಚ್ಚಲಲ್ಲಿ ಕೈತೊಳೆದರು. ನೀರು ಒಂದು ಗಳಿಗೆಯೂ ಕಟ್ಟಿ ನಿಲ್ಲದೆ ಹರಿದುಹೋಯಿತು.