ದಾದಿ ತಿರುಗಿ ಹೇಳಿದ ಮಾತು

ಶಿಷ್ಯ ಕೇಳಿದ: "ಗುರುಗಳೇ, ನೀವು ಹೇಳಿದ್ದು ನನಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಆದರೂ ದಿನವೂ ತಿರುಗಿ ಹೇಳು ಅನ್ನುತ್ತೀರಿ. ಇಷ್ಟು ವರ್ಷವಾದ ಮೇಲೂ ಸಂಶಯವೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆ. ಅದರ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಒಬ್ಬ ದಾದಿ ಇದ್ದಳು. ವೈದ್ಯರು ಯಾವ ಮದ್ದು ಹೇಳಿದರೂ ಅದನ್ನು ಸಿರಿಂಜಿಗೆ ಎಳೆಯುವ ಮೊದಲು ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದಳು: ರೋಗಿ ಯಾರು, ಮದ್ದು ಯಾವುದು, ಎಷ್ಟು. ವೈದ್ಯರು ಹೂಂ ಅಂದ ಮೇಲೆಯೇ ಆಕೆಯ ಕೈ ಓಡುತ್ತಿತ್ತು. ಹೊಸದಾಗಿ ಬಂದ ಒಬ್ಬ ವೈದ್ಯನಿಗೆ ಇದು ಕಿರಿಕಿರಿ.

"ಏನು ಸಿಸ್ಟರ್, ಮಗ್ಗಿ ಒಪ್ಪಿಸೋ ಥರ! ನಿಮಗೆ ಕಿವಿ ಕೇಳಿಸಲ್ವಾ, ನನಗೆ ಹೇಳೋಕೆ ಬರಲ್ವಾ?"

"ಎರಡೂ ಚೆನ್ನಾಗೇ ಇದೆ ಡಾಕ್ಟ್ರೇ" ಅಂದಳು. ಅಭ್ಯಾಸ ಬಿಡಲಿಲ್ಲ.

ಒಂದು ಮಧ್ಯಾಹ್ನ ಕಲ್ಲು ಕ್ವಾರಿಯಲ್ಲಿ ಹೆಜ್ಜೇನು ಎದ್ದಿತು. ಏಳು ಮಂದಿ ಕೆಲಸಗಾರರನ್ನು ಟ್ರ್ಯಾಕ್ಟರಿನಲ್ಲಿ ತಂದರು. ಮುಖ ಊದಿತ್ತು, ಉಸಿರು ಕಟ್ಟುತ್ತಿತ್ತು. ಆ ಹೊಸ ವೈದ್ಯ ಒಬ್ಬೊಬ್ಬರನ್ನೇ ನೋಡುತ್ತ ಹೇಳುತ್ತ ಹೋದ: "ಅಡ್ರಿನಲಿನ್, ಅರ್ಧ ಎಂಎಲ್." ಏಳು ಸಲವೂ ಅದೇ ಮಾತು. ಏಳು ಸಲವೂ ದಾದಿ ತಿರುಗಿ ಹೇಳಿದಳು.

ಹಿಂದೆಯೇ ಬಂದ ಎಂಟನೆಯದು, ಅದೇ ಜೇನು ಕಡಿದ ಒಂದು ಹೆಣ್ಣುಮಗು. ಅಪ್ಪನ ತೋಳಿನಲ್ಲಿತ್ತು. ತುಟಿ ನೀಲಿಗಟ್ಟಿತ್ತು. ದಾದಿ ತೂಕ ಕೇಳಿದಳು.

"ಹತ್ತು ಕಿಲೋ ಕಣವ್ವ, ಮೊನ್ನೆ ಅಂಗನವಾಡೀಲಿ ತೂಗಿದ್ರು."

"ಅಡ್ರಿನಲಿನ್, ಅರ್ಧ ಎಂಎಲ್. ಬೇಗ!" ಅಂದ ವೈದ್ಯ.

ದಾದಿ ಮದ್ದಿನ ಸೀಸೆಯ ಕತ್ತು ಮುರಿದು ಹಿಡಿದಳು. "ಮಗು, ಹತ್ತು ಕಿಲೋ. ಅಡ್ರಿನಲಿನ್, ಅರ್ಧ ಎಂಎಲ್."

ಅಪ್ಪ ಕಿರುಚಿದ. "ಮಾತು ಸಾಕು ತಾಯಿ, ಸೂಜಿ ಹಾಕು! ಹೋಗ್ತಾ ಐತೆ ನನ್ ಕೂಸು!"

ಮಗುವಿನ ಎದೆ ಒಮ್ಮೆ ಏರಿತು. ಮತ್ತೆ ಏರಲು ತಡವಾಯಿತು. ದಾದಿ ವೈದ್ಯನ ಮುಖ ನೋಡುತ್ತ ನಿಂತಳು. ವೈದ್ಯ ಹೂಂ ಅನ್ನಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು.

"ಇಲ್ಲ. ಅದು ದೊಡ್ಡವರಿಗೆ. ಇದಕ್ಕೆ ಐದರಲ್ಲಿ ಒಂದು ಪಾಲು. ಪಾಯಿಂಟ್ ಒಂದು."

"ಮಗು, ಹತ್ತು ಕಿಲೋ. ಅಡ್ರಿನಲಿನ್, ಪಾಯಿಂಟ್ ಒಂದು ಎಂಎಲ್."

"ಹೂಂ."

ಆಕೆ ತೊಡೆಗೆ ಚುಚ್ಚಿದಳು. ಎಲ್ಲರೂ ಮಗುವಿನ ಎದೆಯನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು.

ಸಂಜೆ ಕೈ ತೊಳೆಯುವಾಗ ವೈದ್ಯ ಕೇಳಿದ: "ನಾನು ತಪ್ಪು ಹೇಳಿದ್ದು ನಿಮಗೆ ಆಗಲೇ ಗೊತ್ತಾಯ್ತಾ ಸಿಸ್ಟರ್?"

"ಇಲ್ಲ ಡಾಕ್ಟ್ರೇ. ನನ್ನ ಗಮನವೆಲ್ಲ ಮಗು ಉಸಿರಾಡೋದರ ಮೇಲಿತ್ತು. ನೀವು ಹೇಳಿದ್ದನ್ನ ನಿಮಗೆ ಕೇಳಿಸಿದೆ, ಅಷ್ಟೇ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಪ್ರಶ್ನೆಯನ್ನು ನೆನಪಿಸಿದ: "ಹಾಗಾದರೆ ನನ್ನ ಮೇಲೆ ನಿಮಗೆ ಸಂಶಯವಿಲ್ಲವೇ?"

ಗುರುಗಳು ಹೇಳಿದರು: "ನನ್ನ ಸಂಶಯವೆಲ್ಲ ನನ್ನ ಮೇಲೆಯೇ."