ವಾರಗಿತ್ತಿ ಗುಡ್ಡ

ಹಳ್ಳ ದಾಟಿ ಪೇಟೆಗೆ ಹೋಗುವ ಹಳೆಯ ದಾರಿಯಲ್ಲಿ ಒಂದು ಬೋಳು ಗುಡ್ಡವಿದೆ. ಬಸ್ಸು ಅದನ್ನು ಬಳಸಿಕೊಂಡು ಹೋಗುತ್ತದೆ. ಹತ್ತುವವು ಕುರಿಗಳು ಮಾತ್ರ. ಹೆಸರು ವಾರಗಿತ್ತಿ ಗುಡ್ಡ. ಹಿಂದೆ ಒಮ್ಮೆ, ಜನ ನಡೆದೇ ದೇಶ ತಿರುಗುತ್ತಿದ್ದ ಕಾಲದಲ್ಲಿ, ಅದರ ನೆತ್ತಿಯಲ್ಲಿ ಅಣ್ಣತಮ್ಮಂದಿರ ಹೆಂಡಿರು ಬಾಳವ್ವ, ಹೊನ್ನವ್ವ ಅರವಟ್ಟಿಗೆ ನಡೆಸುತ್ತಿದ್ದರು ಎನ್ನುತ್ತಾರೆ. ಹಿರಿಯಳು ಬಾಳವ್ವ ಹಳ್ಳದಿಂದ ಕೊಡ ಹೊತ್ತು ತಂದು ಕಲ್ಲುಬಾನಿ ತುಂಬುವಳು. ಕಿರಿಯಳು ನೆರಳಲ್ಲಿ ಕೂತು ದಾರಿಹೋಕರ ಬೊಗಸೆಗೆ ಎರೆಯುವಳು. ನೀರು ಕೊಟ್ಟವರು ಹೆಸರು ಹೇಳಬಾರದು, ಹೇಳಿದರೆ ಪುಣ್ಯವೆಲ್ಲ ಹರಿದುಹೋಗುತ್ತದೆ ಎಂಬುದು ಆ ಸೀಮೆಯ ಕಟ್ಟಳೆ.

ಊರೂರು ಸುತ್ತಿ ಕಂಡದ್ದನ್ನು ಬರೆಯುವ ಒಬ್ಬ ಪಂಡಿತ ಆ ದಾರಿಯಾಗಿ ಬಂದ. ಅವನು ಬರೆದದ್ದನ್ನು ಮುಂದೆ ಸಂತೆಯಲ್ಲಿ ಯಾರೋ ಓದಿದರು: ‘ಗುಡ್ಡದ ಮೇಲೆ ಹೊನ್ನವ್ವನೆಂಬ ಪುಣ್ಯವಂತೆ ಅಮೃತದಂಥ ನೀರು ಕೊಟ್ಟಳು. ಅವಳ ಬಳಿ ಕೆಲಸದ ಹೆಂಗಸೊಬ್ಬಳಿದ್ದಳು.’ ಅದು ಕಿವಿಗೆ ಬಿದ್ದದ್ದೇ ಬಾಳವ್ವ ನೇರ ಹೊನ್ನವ್ವನ ಮುಂದೆ ಹೋಗಿ ನಿಂತಳು.

“ಹೆಸರು ಹೇಳಬಾರದಂತ ಗೊತ್ತಿರಲಿಲ್ಲೇನ ನಿನಗ?”

“ಕೇಳಿದ್ರು, ಹೇಳಿದೆ ಅಕ್ಕ. ನಿನ್ನ ಕೇಳಲಿಲ್ಲಲ್ಲ, ನಾ ಏನ್ ಮಾಡ್ಲಿ?”

ಅಂದಿನಿಂದ ಬಂದವರೆಲ್ಲ ಹೊನ್ನವ್ವನನ್ನೇ ಕೇಳತೊಡಗಿದರು. ಬಾಳವ್ವ ಗಂಡನನ್ನು ಕಾಡಿ ಬೇರೆ ಬಾನಿ ಕಡೆಸಿ, ಹತ್ತಿ ಬರುವವರಿಗೆ ತಾನೇ ಮೊದಲು ಸಿಗಲೆಂದು ಇಳಿಜಾರಿನಲ್ಲಿ ಇಟ್ಟಳು. ಹೊನ್ನವ್ವ ಅದಕ್ಕಿಂತ ಕೆಳಗೊಂದು ಇಡಿಸಿದಳು. ಇವಳು ಇನ್ನೂ ಕೆಳಗೆ, ಅವಳು ಅದಕ್ಕೂ ಕೆಳಗೆ. ಗಂಡಂದಿರ ಕೈಯಲ್ಲಿ ಉಳಿ ಸವೆಯಿತೇ ಹೊರತು ಇವರ ಮತ್ಸರ ಸವೆಯಲಿಲ್ಲ. ಕೊನೆಗೆ ಇಬ್ಬರೂ ಹಳ್ಳದ ದಂಡೆಗೇ ಬಂದು ಕೂತರು. ಕಾಲಬುಡದಲ್ಲೇ ಹಳ್ಳ ಹರಿಯುವಾಗ ಇವರ ನೀರು ಯಾರಿಗೆ ಬೇಕು?

ಒಂದು ಬೇಸಿಗೆಯಲ್ಲಿ ಅದೇ ಪಂಡಿತ ಆಚೆ ಮಗ್ಗುಲಿನಿಂದ ಗುಡ್ಡ ಹತ್ತಿ ಬಂದ. ನೆತ್ತಿಯ ಬಾನಿ ಒಣಗಿತ್ತು. ಅಲ್ಲೇ ಕುಸಿದು ಬಿದ್ದ. ಕುರಿಗಾರರು ಕೂಗಿದ್ದು ಕೇಳಿ ಬಾಳವ್ವ ಕೊಡ ಹೊತ್ತು ಓಡಿದಳು. ಅವನ ಬಾಯಿಗೆ ನೀರು ಬಿಟ್ಟು, ಅವನು ಕಣ್ಣು ತೆರೆಯುವ ಮೊದಲೇ ಕಟ್ಟಳೆ ಮುರಿದಳು: “ನಾ ಬಾಳವ್ವ. ಕೆಲಸದಾಕಿ ಅಲ್ಲ. ಬರಕೋ!”

“ನಾನೂ ಬಂದೀನ್ರಿ,” ಎಂದು ಹಿಂದಿನಿಂದ ಏದುಸಿರು ಬಿಡುತ್ತ ಹೊನ್ನವ್ವ ಬಂದಳು.

“ಈಕೆ ಯಾರು?” ಎಂದ ಪಂಡಿತ.

“ನನ್ನ ವಾರಗಿತ್ತಿ,” ಎಂದರು ಇಬ್ಬರೂ ಒಟ್ಟಿಗೆ, ಒಬ್ಬರನ್ನೊಬ್ಬರು ತೋರಿಸಿ.

ಅವನು ಬರೆದದ್ದು ಇಷ್ಟೇ: ‘ವಾರಗಿತ್ತಿ ಗುಡ್ಡ ಹತ್ತುವವರು ನೀರು ಕಟ್ಟಿಕೊಂಡು ಹೋಗಿರಿ.’

ಇಂದಿಗೂ ಅಲ್ಲಿ ನೆತ್ತಿಯಿಂದ ಕೆಳಗಿನವರೆಗೆ ಒಣ ಬಾನಿಗಳ ಸಾಲು ಕಾಣುತ್ತದೆ. ಕೊನೆಯ ಎರಡು ಮಾತ್ರ ಹಳ್ಳದಲ್ಲಿ ಅರ್ಧ ಮುಳುಗಿ, ಅಂಚಿಗೆ ಅಂಚು ತಾಗಿಸಿಕೊಂಡು ಕೂತಿವೆ. ನೋಡಲು ಬಂದವರು, ಯಾವುದು ಮುಂದಿದೆ ಎಂದು ಈಗಲೂ ಬಗ್ಗಿ ನೋಡುತ್ತಾರೆ.