ಯಾರೂ ಒತ್ತದ ಬಟನ್

ಮೊಬೈಲ್ ಆಟಗಳಿಗೆ ವಯಸ್ಸಿನ ಮಿತಿ ಇರಬೇಕೆಂದು ದೇಶದಲ್ಲಿ ಕಾನೂನು ಬಂತು. ಗುಂಡು ಹಾರಿಸುವ ಆಟವೊಂದರ ಬಾಗಿಲಲ್ಲಿ ಎರಡು ಬಟನ್‌ಗಳನ್ನು ಕಾವಲಿಗೆ ನಿಲ್ಲಿಸಿದರು. ‘ನಿಮಗೆ ಹದಿನೆಂಟು ತುಂಬಿದೆಯೇ?’ ಎಂಬ ಪ್ರಶ್ನೆಯ ಕೆಳಗೆ ಒಂದು ‘ಹೌದು’, ಇನ್ನೊಂದು ‘ಇಲ್ಲ’.

ಬಂದ ಬೆರಳುಗಳೆಲ್ಲ ‘ಹೌದು’ ಬಟನ್ನನ್ನೇ ಒತ್ತಿದವು. ಹಾಲುಹಲ್ಲು ಬೀಳದವರೂ ಅದನ್ನೇ ಒತ್ತಿದರು.

“ಅಯ್ಯಾ, ಸುಳ್ಳೆಂದು ಗೊತ್ತಿದ್ದೂ ಒಳಗೆ ಬಿಡುತ್ತೀಯಲ್ಲ?” ಎಂದಿತು ‘ಇಲ್ಲ’.

“ಒತ್ತಿದರೆ ಬಾಗಿಲು ತೆರೆಯುವುದಷ್ಟೇ ನನ್ನ ಕೆಲಸ. ವಿಚಾರಿಸು ಎಂದು ನನಗೆ ಯಾರೂ ಹೇಳಿಲ್ಲ,” ಎಂದಿತು ‘ಹೌದು’.

“ಒಬ್ಬರಾದರೂ ನಿಜ ಹೇಳಿಯಾರು. ನಾನು ಕಾಯುತ್ತೇನೆ.”

ಒಂದು ಮಧ್ಯಾಹ್ನ, ಅನ್ನದ ಅಗುಳು ಅಂಟಿದ ಪುಟ್ಟ ಬೆರಳೊಂದು ‘ಇಲ್ಲ’ದ ಮೇಲೆ ಬಿತ್ತು. ಆಟ ಮುಚ್ಚಿಕೊಂಡಿತು.

“ನೋಡಿದೆಯಾ? ಲೋಕದಲ್ಲಿ ಸತ್ಯ ಇನ್ನೂ ಉಳಿದಿದೆ!” ಎಂದು ‘ಇಲ್ಲ’ ಹಿಗ್ಗಿತು.

“ಹುಚ್ಚಪ್ಪಾ, ಆ ಮಗುವಿಗೆ ಇನ್ನೂ ಓದಲು ಬರುವುದಿಲ್ಲ,” ಎಂದಿತು ‘ಹೌದು’.

ಅಷ್ಟರಲ್ಲಿ ಮಗು ರಚ್ಚೆ ಹಿಡಿದು ಬಾಯಿ ಬಿಗಿದುಕೊಂಡಿತು. ಬಲಗೈಯಲ್ಲಿ ತುತ್ತು ಹಿಡಿದಿದ್ದ ತಾಯಿ, “ಅಳಬೇಡ ಕಂದಾ, ಹಾಕಿಕೊಡ್ತೀನಿ,” ಎನ್ನುತ್ತ ಎಡಗೈಯಿಂದ ಆಟವನ್ನು ಮತ್ತೆ ತೆರೆದು ‘ಹೌದು’ ಒತ್ತಿದಳು.

ಒಳಗೆ ಗುಂಡಿನ ಸದ್ದು ಕೇಳಿಸಿತು. ಮಗು ಬಾಯಿ ತೆರೆಯಿತು.